ಆಂತರಿಕ ಅಂಕ ಅವಳ ಕೈಯಲ್ಲಿ

"ವರ್ಷಕ್ಕೆ ಒಂದರ ಮೇಲೊಂದು ಪರೀಕ್ಷೆಯಂತೆ! ನಮ್ಮ ಕಾಲದಾಗ ಮಾರ್ಚ್ ತಪ್ಪಿದರೆ ಮಾನ ತಪ್ಪಿದಂಗ" ಅಂತ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಗ್ಗರಣೆ-ಮಿರ್ಚಿ ಬಂಡಿಯ ಮುಂದೆ ಭಾಷಣ ಬಿಗಿದೆ. ದ್ವಿತೀಯ ಪಿಯುಸಿ ಮಗಳು ಪಕ್ಕದಲ್ಲೇ ಮಿರ್ಚಿ ಕಡಿಯುತ್ತಿದ್ದದ್ದು ಮರೆತೇಹೋಗಿತ್ತು.

"ಅಪ್ಪಾ, ನೀನೇ ಒಂದು ಪೇಪರ್ ಬರಿ ನೋಡೋಣು."

ಲೆಕ್ಕಶಾಸ್ತ್ರ ಆರಿಸಿಕೊಂಡೆ. ಜೀನ್ಸ್ ಹೊಲಿಯುವ ಘಟಕದಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ಬರೆದವನಿಗೆ ಪಿಯುಸಿ ಯಾವ ಗಿಡದ ತಪ್ಪಲು!

ಮಗಳೇ ಪರೀಕ್ಷಾ ಮಂಡಳಿಯಾದಳು. 2024ರಿಂದ ಬಂದ ಪದ್ಧತಿ: ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಪ್ರಾಯೋಗಿಕವಿಲ್ಲದ ವಿಷಯಕ್ಕೆ ಲಿಖಿತ 80, ಆಂತರಿಕ ಮೌಲ್ಯಮಾಪನ 20. ಆಂತರಿಕ ಅಂದರೆ ಕಿರುಪರೀಕ್ಷೆ, ಪ್ರಾಜೆಕ್ಟು. ಒಟ್ಟಿನಲ್ಲಿ ವರ್ಷವಿಡೀ ಹೇಗಿದ್ದೆ ಎಂಬ ಲೆಕ್ಕ. ನಮ್ಮ ಮನೆಯಲ್ಲಿ ಆ ಲೆಕ್ಕ ಇಟ್ಟವಳು ಯಾರು ಎಂಬುದು ನನಗೆ ಹೊಳೆಯುವಷ್ಟರಲ್ಲಿ ಹೆಂಡತಿ ಪೆನ್ನು ಹಿಡಿದಿದ್ದಳು.

2016ರಲ್ಲಿ ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಸಲ ಸೋರಿತ್ತು. ಆ ಭರವಸೆಯಲ್ಲಿ ರಾತ್ರಿ ಮಗಳ ಬ್ಯಾಗಿಗೆ ಕೈಹಾಕಿದೆ. ಸಿಕ್ಕಿದ್ದು ಒಂದು ಚೀಟಿ: "ಅಪ್ಪಾ, ಮಲಗು."

ಬೆಳಿಗ್ಗೆ ಹತ್ತಕ್ಕೆ ಕೂತೆ. ಈಗ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಇದೆಯಲ್ಲ, ಮಗಳು ಉಪ್ಪಿನಕಾಯಿ ಭರಣಿಗೆ ಫೋನು ಒರಗಿಸಿ ಸಿರುಗುಪ್ಪದ ನಮ್ಮ ಅತ್ತೆಗೆ ವಿಡಿಯೊ ಕಾಲ್ ಹಚ್ಚಿದಳು. ಮೊದಲ ದೊಡ್ಡ ಲೆಕ್ಕದಲ್ಲೇ ಒಬ್ಬ ಪಾಲುದಾರ ಸತ್ತಿದ್ದ. ಅವನ ವಾರಸುದಾರರಿಗೆ ಎಷ್ಟು ಕೊಡಬೇಕು? ನಮ್ಮ ಘಟಕದಲ್ಲಿ ಪಾಲುದಾರರು ಜಗಳಾಡಿದ್ದುಂಟು, ಯಾರೂ ಸತ್ತಿರಲಿಲ್ಲ. ಖರ್ಚು-ಜಮೆ ಎಡಕ್ಕೋ ಬಲಕ್ಕೋ ಎಂದು ಬೆವರುವಾಗ ಗೊತ್ತಾಯಿತು: ಇಷ್ಟು ವರ್ಷ ಲೆಕ್ಕ ಬರೆದದ್ದು ನಾನಲ್ಲ, ಕಂಪ್ಯೂಟರಿನಲ್ಲಿದ್ದ ಟ್ಯಾಲಿ. ಬಳ್ಳಾರಿಯ ಏಪ್ರಿಲ್, ಕರೆಂಟೂ ಹೋಯಿತು. ಕಣ್ಣು ಮುಚ್ಚಿ ಯೋಚಿಸಿದೆ.

"ಅಳಿಯಂದ್ರು ನಿದ್ದಿ ಮಾಡಕತ್ತಾರ ನೋಡವ್ವಾ!" ಭರಣಿಯ ಕಡೆಯಿಂದ ದನಿ ಬಂತು.

ಲಿಖಿತಕ್ಕೆ 22 ಬಂತು. ಪಾಸಿನ ಗೆರೆಯನ್ನು ಒಟ್ಟಾರೆ 35ರಿಂದ 33 ಪ್ರತಿಶತಕ್ಕೆ ಇಳಿಸಿ, ವಿಷಯಕ್ಕೆ 30 ಸಾಕು ಅಂದಿದ್ದಾರೆ. ಈ ಇಳಿಕೆಯನ್ನು ಬಂಡಿಯ ಮುಂದೆ ಬೈದವನೂ ನಾನೇ. ಈಗ ಆಂತರಿಕದಲ್ಲಿ ಎಂಟು ಬಂದರೆ ಗೆದ್ದಂತೆ.

ಹೆಂಡತಿ ಆರು ಕೊಟ್ಟಳು. ವಿವರವೂ ಇತ್ತು. ಕರಿಬೇವು ತರಲು ಹೋಗಿ ಬರಿಗೈಲಿ ಬಂದದ್ದು, ಗ್ಯಾಸ್ ಬುಕ್ ಮಾಡಿದ್ದೇನೆಂದು ಸುಳ್ಳು ಹೇಳಿದ್ದು, ನಾದಿನಿಯ ಮದುವೆಯಲ್ಲಿ ಊಟದ ಸಾಲಿಗೆ ಮಾತ್ರ ಕಾಣಿಸಿಕೊಂಡದ್ದು. ಪ್ರಾಜೆಕ್ಟ್: ಅಟ್ಟ ಸ್ವಚ್ಛಗೊಳಿಸುವುದು, ಎರಡು ವರ್ಷದಿಂದ ಸಲ್ಲಿಕೆಯಾಗಿಲ್ಲ.

ಮರುಮೌಲ್ಯಮಾಪನ ಕೇಳಿದೆ. ಶುಲ್ಕ ಎರಡು ಪ್ಲೇಟ್ ಮಿರ್ಚಿ, ಮುಂಗಡ. ತಿಂದು ಕೈ ಒರೆಸಿಕೊಂಡು ಮಗಳು ಕೂಡುವಲ್ಲಿ ಆಗಿದ್ದ ತಪ್ಪು ಹುಡುಕಿ 22ನ್ನು 21 ಮಾಡಿದಳು.

ಬರುವ ಭಾನುವಾರ ಪರೀಕ್ಷೆ-2. ಇವತ್ತು ಬೆಳಿಗ್ಗೆ ಯಾರೂ ಹೇಳದೆಯೇ ಹೋಗಿ ಕರಿಬೇವು ತಂದೆ, ಎರಡು ಕಟ್ಟು. ಹೆಂಡತಿ ಮೂಸಿ ನೋಡಿ, "ಇದು ಒಣಗೈತಿ" ಅಂದಳು.