ಸೊಂಟಕ್ಕೊಂದು ಪ್ಲಾಸ್ಟಿಕ್ ಪೌರುಷ

ಆಂಧ್ರದ ಆದೋನಿಯ ದೊಡ್ಡ ಮನುಷ್ಯರಿಗೆ ಹೊಸ ಚಿಂತೆಯೊಂದು ಅಂಟಿಕೊಂಡಿದೆ. ಅಗ್ಗದ ಪಾಲಿಮರ್ ಪಿಸ್ತೂಲು ಹೆಸರಾಂತ ಬ್ರಾಂಡಿನ ಸಮಕ್ಕೆ ನಿಲ್ಲುತ್ತದೆಯೋ ಇಲ್ಲವೋ?

ಹತ್ತಿ ದರದ ಚಿಂತೆ ಅಲ್ಲ. ಬೆಲೆ ಬಿದ್ದಾಗ ಪತ್ತಿಕೊಂಡದ ರಸ್ತೆಗೆ ಸುರಿಯುವ ಟೊಮೆಟೊದ ಚಿಂತೆಯೂ ಅಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಎಂಬುದಂತೂ ಅಲ್ಲವೇ ಅಲ್ಲ. ಕೋಸಿಗಿ ಕಡೆಯ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಗುಂಟೂರಿಗೆ ಕೂಲಿಗೆ ಹೊರಡುವುದು ಹಳಸಲು ಸುದ್ದಿ. ಅದರಲ್ಲಿ ಮಜಾ ಇಲ್ಲ. ದುಬಾರಿ ಗ್ಲಾಕ್ ಬೇಕೋ, ಅಗ್ಗದ ಟಾರಸ್ ಸಾಕೋ? ಮಜಾ ಇರುವುದು ಇಲ್ಲಿ.

ಇರಲಿ. ಕೇಳಿದ್ದಾರೆ, ಮೊದಲು ಉತ್ತರ ಕೊಟ್ಟುಬಿಡೋಣ.

ಪಾಲಿಮರ್ ಪಿಸ್ತೂಲು ಪೂರ್ತಿ ಪ್ಲಾಸ್ಟಿಕ್ ಅಲ್ಲ. ಹಿಡಿ ಮತ್ತು ಚೌಕಟ್ಟು ಪ್ಲಾಸ್ಟಿಕ್ಕಿನವು. ನಳಿಗೆ, ಸ್ಲೈಡು, ಸ್ಪ್ರಿಂಗು ಉಕ್ಕಿನವು. 1970ರಲ್ಲೇ ಜರ್ಮನಿಯ ಹೆಕ್ಲರ್ ಆಂಡ್ ಕಾಖ್ ಕಂಪನಿ ಇಂಥದ್ದೊಂದನ್ನು ಮಾಡಿತ್ತು. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಯಾಸ್ಟನ್ ಗ್ಲಾಕ್‌ನ ಪಿಸ್ತೂಲನ್ನು ಒಪ್ಪಿಕೊಂಡಿತು. ಆಮೇಲೆ ಜಗತ್ತೇ ಒಪ್ಪಿಕೊಂಡಿತು.

ಈ ಗ್ಲಾಕ್ ಮಹಾಶಯ ಅದಕ್ಕೆ ಮೊದಲು ಏನು ಮಾಡುತ್ತಿದ್ದ? ಕಿಟಕಿಯ ಪರದೆಗೆ ಸರಳು ಮಾಡುತ್ತಿದ್ದ. ಚಾಕು ಮಾಡುತ್ತಿದ್ದ. ಪಿಸ್ತೂಲು ಮಾಡಿದ ಅನುಭವ ಸೊನ್ನೆ. ಇವತ್ತು ಹೊಸ ಕಂಪನಿಗಳ ಹೆಸರು ಕೇಳಿ ಮೂಗು ಮುರಿಯುವ ನಮ್ಮ ತಜ್ಞರು ಅಂದು ವಿಯೆನ್ನಾದಲ್ಲಿ ಇದ್ದಿದ್ದರೆ ಗ್ಲಾಕ್‌ನನ್ನು ಬಾಗಿಲಿನಿಂದಲೇ ಅಟ್ಟುತ್ತಿದ್ದರು.

ಚೌಕಟ್ಟಿನ ಅಚ್ಚು ಒಮ್ಮೆ ಆಯಿತೆಂದರೆ ಪ್ಲಾಸ್ಟಿಕ್ ಸುರಿಯುವುದು ಅಗ್ಗದ ಕೆಲಸ. ಬೆಲೆಯ ವ್ಯತ್ಯಾಸ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಸ್ಪ್ರಿಂಗಿನಲ್ಲಿ, ಟ್ರಿಗರ್‌ನ ಸಣ್ಣ ಭಾಗಗಳಲ್ಲಿ, ಉಕ್ಕಿನ ಹದದಲ್ಲಿ, ಕಾರ್ಖಾನೆಯ ತಪಾಸಣೆಯಲ್ಲಿ. ಬ್ರೆಜಿಲ್‌ನ ಟಾರಸ್ ಅಮೆರಿಕದಲ್ಲಿ ಗ್ಲಾಕ್‌ನ ಅರ್ಧ ಬೆಲೆಗೇ ಸಿಗುತ್ತದೆ. ಅರ್ಧ ಬೆಲೆಗೆ ಅರ್ಧ ಕೆಲಸವನ್ನೇನೂ ಮಾಡುವುದಿಲ್ಲ. ಬಹುಪಾಲು ಕೆಲಸ ಮಾಡುತ್ತದೆ. ಉಳಿದ ವ್ಯತ್ಯಾಸ ಗೊತ್ತಾಗುವುದು ಸಾವಿರಗಟ್ಟಲೆ ಗುಂಡು ಹಾರಿಸಿದವನಿಗೆ.

ಅಗ್ಗದ್ದಕ್ಕೆ ಕಳಂಕ ಇಲ್ಲವೇ? ಇದೆ. ಕೆಳಗೆ ಬಿದ್ದರೆ ತಾನಾಗಿ ಸಿಡಿಯುತ್ತದೆ ಎಂಬ ಮೊಕದ್ದಮೆಯಲ್ಲಿ 2015ರಲ್ಲಿ ಟಾರಸ್ ಸುಮಾರು 39 ಮಿಲಿಯನ್ ಡಾಲರ್ ಮೊತ್ತದ ರಾಜಿಗೆ ಬಂತು. ಹೆಚ್ಚುಕಡಿಮೆ ಹತ್ತು ಲಕ್ಷ ಪಿಸ್ತೂಲುಗಳ ಮಾತು ಅದು. ತಪ್ಪು ಮಾತ್ರ ಒಪ್ಪಲಿಲ್ಲ. ಅದೇ ಟಾರಸ್ ಈಗ ಜಿಂದಾಲ್ ಬಂಧುಗಳ ಕಂಪನಿಯೊಂದರ ಜೊತೆ ಹರಿಯಾಣದ ಹಿಸಾರ್‌ನಲ್ಲಿ ಕಾರ್ಖಾನೆ ಹೂಡಿದೆ. ಇನ್ನು ಅದು ಸ್ವದೇಶಿ. ಆದ್ದರಿಂದ ಪವಿತ್ರ.

ದುಬಾರಿಯದ್ದು ಶುದ್ಧವೇ? 2017ರ ಜನವರಿಯಲ್ಲಿ ಅಮೆರಿಕದ ಸೇನೆ ಎಲ್ಲರನ್ನೂ ಬಿಟ್ಟು ಸಿಗ್ ಸಾವರ್ ಕಂಪನಿಯ ಪಿ320 ಮಾದರಿಯನ್ನು ಆರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಅದರ ಟ್ರಿಗರ್ ಬದಲಿಸಿಕೊಡುತ್ತೇವೆ, ತನ್ನಿ ಎಂದು ಗ್ರಾಹಕರನ್ನು ಕರೆಯಬೇಕಾಯಿತು. ಇದೂ ಬಿದ್ದರೆ ಸಿಡಿಯುತ್ತಿತ್ತು. ಬಡವನ ಪಿಸ್ತೂಲು ಬಿದ್ದು ಸಿಡಿದರೆ ಕಳಪೆ. ಸಾಹುಕಾರನದು ಬಿದ್ದು ಸಿಡಿದರೆ ತಾಂತ್ರಿಕ ಸುಧಾರಣೆ.

ಉತ್ತರ ಮುಗಿಯಿತು. ಅಗ್ಗದ್ದು ಎಲ್ಲವೂ ಕಳಪೆಯಲ್ಲ, ದುಬಾರಿಯದ್ದು ಎಲ್ಲವೂ ಭದ್ರವಲ್ಲ. ಸಮಾಧಾನವಾಯಿತೇ? ಆಗಿರುವುದಿಲ್ಲ. ಏಕೆಂದರೆ ಪ್ರಶ್ನೆ ಗುಣಮಟ್ಟದ್ದಾಗಿರಲಿಲ್ಲ.

ನಮ್ಮ ತಜ್ಞರು ಜೀವಮಾನವಿಡೀ ಹಾರಿಸುವ ಗುಂಡು ಒಂದು ದೀಪಾವಳಿಯ ಪಟಾಕಿ ಸರಕ್ಕೂ ಸಮವಲ್ಲ. ಕೊಳ್ಳುವ ಗುಂಡಿಗೆ ಲೈಸೆನ್ಸಿನಲ್ಲೇ ಮಿತಿ ಬರೆದಿರುತ್ತದೆ. ಸಾವಿರ ಗುಂಡು ಹಾರಿಸಿ ಸ್ಪ್ರಿಂಗು ಸವೆಯುವ ಹೊತ್ತಿಗೆ ಮೊಮ್ಮಗ ಶಾಸಕನಾಗಿರುತ್ತಾನೆ. ಆದರೂ ವಾದ ನಿಲ್ಲುವುದಿಲ್ಲ.

ಇನ್ನು ಕಾನೂನು. 9 ಮಿ.ಮೀ. ಈ ದೇಶದಲ್ಲಿ ಜನಸಾಮಾನ್ಯರಿಗೆ ನಿಷಿದ್ಧ ಅಳತೆ. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕು. ನೀವು ಹಾಡಿ ಹೊಗಳುವ ಗ್ಲಾಕ್ 17 ಆ ಅಳತೆಯದ್ದೇ. ವಿದೇಶಿ ಬಂದೂಕಿನ ಆಮದು ಸಾಮಾನ್ಯರಿಗೆ 1980ರ ದಶಕದಲ್ಲೇ ಬಂದ್ ಆಯಿತು. ಹೀಗಾಗಿ ಅಜ್ಜನ ಕಾಲದ ತುಕ್ಕು ಹಿಡಿದ ವೆಬ್ಲಿ, ವಾಲ್ಥರ್‌ಗಳು ಇಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಕೈ ಬದಲಾಗುತ್ತವೆ. ಗುಣಮಟ್ಟಕ್ಕಲ್ಲ, ನಿಷೇಧಕ್ಕೆ ಬಂದ ಬೆಲೆ ಅದು. ಇದಕ್ಕೆ ನಾವು ಬ್ರಾಂಡ್ ಮೌಲ್ಯ ಎನ್ನುತ್ತೇವೆ.

ಉಳಿದದ್ದು ಬಹುಪಾಲು .32 ಅಳತೆ. ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲು, ಕಾನ್ಪುರದ ರಿವಾಲ್ವರ್. 2014ರಲ್ಲಿ ಅದೇ ಕಾನ್ಪುರದಿಂದ ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಬಂತು. ಮಹಿಳೆಯರ ರಕ್ಷಣೆಗಂತೆ. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿ ದಾಟಿತ್ತು. ಆದೋನಿಯ ಹತ್ತಿ ಮಿಲ್ಲಿನಲ್ಲಿ ದುಡಿಯುವ ಹೆಂಗಸು ಅದನ್ನು ಕೊಳ್ಳಬೇಕಿತ್ತು. ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ರಾತ್ರಿ ಪಾಳಿ ಮುಗಿಸಿ ನಿರ್ಭಯವಾಗಿ ಮನೆಗೆ ಬರಬೇಕಿತ್ತು. ಬೀದಿದೀಪ ಹಾಕಿಸುವುದಕ್ಕಿಂತ ಇದು ಸುಲಭ ಎಂದು ಯಾರಿಗೋ ಅನ್ನಿಸಿರಬೇಕು.

2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್‌ಗಳಿಗೆ ಶೇ 40 ಜಿಎಸ್‌ಟಿ. ವಿಹಾರ ನೌಕೆ, ಖಾಸಗಿ ವಿಮಾನಗಳದ್ದೂ ಅದೇ ಸಾಲು. ಒಂದು ಕಡೆ ಆತ್ಮರಕ್ಷಣೆ ನಾಗರಿಕನ ಹಕ್ಕು. ಇನ್ನೊಂದು ಕಡೆ ಅದು ಶೋಕಿ. ಯಾವುದಾದರೂ ಒಂದನ್ನು ಹೇಳಿ ಸ್ವಾಮಿ. ಎರಡನ್ನೂ ಒಂದೇ ರಸೀದಿಯಲ್ಲಿ ಬರೆಯಬೇಡಿ.

ಲೈಸೆನ್ಸು ಪಡೆಯುವುದು ಇನ್ನೊಂದು ಪುರಾಣ. ಜೀವಭಯ ಇದೆ ಎಂದು ಸಾಬೀತು ಮಾಡಬೇಕು. ಬಡವನ ಜೀವಭಯ ಅರ್ಜಿಯಲ್ಲೇ ಉಳಿಯುತ್ತದೆ. ಗುತ್ತಿಗೆದಾರನ ಜೀವಭಯಕ್ಕೆ ಶಿಫಾರಸು ಪತ್ರ ಇರುತ್ತದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬನಿಗೆ ಎರಡೇ ಬಂದೂಕು ಎಂದಿತು. ಮೊದಲು ಮೂರಿತ್ತು. ಮೂರನೆಯದನ್ನು ಒಪ್ಪಿಸುವಾಗ ಕೆಲವರು ಆಸ್ತಿ ಪಾಲಾದಷ್ಟು ಅತ್ತರು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಎಂದೂ ಅದೇ ತಿದ್ದುಪಡಿ ಹೇಳಿತು. ಅಲ್ಲಿಗೆ ಪಿಸ್ತೂಲಿನ ಮುಖ್ಯ ಉಪಯೋಗವೇ ಹೋಯಿತು.

ಗಡಿಯ ತಮಾಷೆಯನ್ನೂ ಕೇಳಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಳ್ಳಾರಿಯಿಂದ ಕಿತ್ತು ಆಂಧ್ರಕ್ಕೆ ಕೊಟ್ಟರು. ನೆಂಟಸ್ತನ, ಸಂತೆ, ದೇವರು ಯಾವುದೂ ಗಡಿಯನ್ನು ಒಪ್ಪಲಿಲ್ಲ. ಬಂದೂಕಿನ ಲೈಸೆನ್ಸು ಒಪ್ಪಿಕೊಂಡಿತು. ಅಖಿಲ ಭಾರತ ಪರವಾನಗಿ ಇಲ್ಲದಿದ್ದರೆ ಹೊಳಗುಂದದಲ್ಲಿ ಸೊಂಟದಲ್ಲಿದ್ದ ಆತ್ಮರಕ್ಷಣೆ ಸಿರುಗುಪ್ಪ ಮುಟ್ಟುವಷ್ಟರಲ್ಲಿ ಅಪರಾಧವಾಗುತ್ತದೆ. ಕೊಲ್ಲಲು ಬರುವವನಿಗೆ ಈ ತೊಂದರೆ ಇಲ್ಲ. ಅವನು ಲೈಸೆನ್ಸು ಮಾಡಿಸಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಮಾಷೆ ಚುನಾವಣೆ. ರಾಯಲಸೀಮೆಯಲ್ಲಿ ತಲೆಗಳು ಉರುಳುವ ಕಾಲ ಯಾವುದೆಂದು ಮಕ್ಕಳಿಗೂ ಗೊತ್ತು. ನೀತಿ ಸಂಹಿತೆ ಬಂದ ಕೂಡಲೇ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶ ಹೊರಡುತ್ತದೆ. ಅಪಾಯ ಇಲ್ಲದಾಗ ಪಿಸ್ತೂಲು ಬೀರುವಿನಲ್ಲಿ. ಅಪಾಯ ಬಂದಾಗ ಠಾಣೆಯಲ್ಲಿ. ನಿಮ್ಮ ಪಾಲಿಮರ್ ಎಷ್ಟು ಗಟ್ಟಿಯೆಂದು ಆಗ ಠಾಣೆಯ ಹೆಗ್ಗಣವನ್ನು ಕೇಳಿ.

ಚೆರುಕುಲಪಾಡು ನಾರಾಯಣ ರೆಡ್ಡಿ ನೆನಪಿದ್ದಾರೆಯೇ? ಪತ್ತಿಕೊಂಡ ಕ್ಷೇತ್ರದ ವೈಎಸ್ಸಾರ್ ಕಾಂಗ್ರೆಸ್ ಉಸ್ತುವಾರಿ. 2017ರ ಮೇ 21. ಹಾಡಹಗಲು. ಕೃಷ್ಣಗಿರಿ ಬಳಿ ಅವರ ಕಾರಿಗೆ ಟ್ರ್ಯಾಕ್ಟರ್ ಗುದ್ದಿತು. ಆಮೇಲೆ ಕಲ್ಲು, ಆಮೇಲೆ ಮಚ್ಚು. ಜೊತೆಗಿದ್ದ ಅನುಚರನನ್ನೂ ಬಿಡಲಿಲ್ಲ. ಅವರ ಲೈಸೆನ್ಸಿನ ಬಂದೂಕು ಎಲ್ಲಿತ್ತು? ನವೀಕರಣಕ್ಕೆಂದು ಒಪ್ಪಿಸಿದ್ದು ವಾಪಸು ಬಂದಿರಲಿಲ್ಲ ಎಂದು ಅವರ ಪಕ್ಷ ಆಗ ಕೂಗಿ ಹೇಳಿತು. ಬ್ರಾಂಡ್ ಯಾವುದೆಂದು ಯಾರೂ ಕೇಳಲಿಲ್ಲ. ಕಡತದಲ್ಲಿ ಸಿಕ್ಕಿಕೊಂಡ ಬಂದೂಕುಗಳೆಲ್ಲ ಒಂದೇ ಗುಣಮಟ್ಟದವು.

ಗುದ್ದಿದ ಟ್ರ್ಯಾಕ್ಟರ್‌ಗೆ ಆಯುಧ ಪರವಾನಗಿ ಬೇಡ. ಎಸೆದ ಕಲ್ಲಿಗೆ ಜಿಎಸ್‌ಟಿ ಇಲ್ಲ.

ನಮ್ಮ ಸೀಮೆಯ ಮುಖಂಡರ ಸಾವುಗಳ ಪಟ್ಟಿಯನ್ನೇ ನೋಡಿ. 1998ರಲ್ಲಿ ಪುಲಿವೆಂದುಲದ ವೈ.ಎಸ್. ರಾಜಾರೆಡ್ಡಿ: ಬಾಂಬು. 2005ರ ಜನವರಿ 24ರಂದು ಪರಿಟಾಲ ರವಿ: ಅನಂತಪುರದಲ್ಲಿ ಸ್ವಂತ ಪಕ್ಷದ ಕಚೇರಿಯ ಆವರಣದಲ್ಲೇ ಗುಂಡು. 2011ರ ಜನವರಿ 3ರಂದು ಮದ್ದೆಲಚೆರುವು ಸೂರಿ: ಹೈದರಾಬಾದಿನಲ್ಲಿ, ಸ್ವಂತ ಕಾರಿನಲ್ಲಿ, ಸ್ವಂತ ಅನುಚರನ ಕೈಯಿಂದ. ಯಾವ ಆಸ್ಟ್ರಿಯಾದ ಕಂಪನಿ ಇವರನ್ನು ಉಳಿಸುತ್ತಿತ್ತು? ಕಾರಿನೊಳಗೇ ಕೂತವನಿಂದ ಕಾಪಾಡುವ ಪಿಸ್ತೂಲನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಹೊಳಗುಂದ ಮಂಡಲದ ದೇವರಗಟ್ಟಿಗೆ ಬನ್ನಿ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರು ಊರುಗಳೇ ಬಡಿಗೆ ಹಿಡಿದು ನಿಲ್ಲುತ್ತವೆ. ಪ್ರತಿ ವರ್ಷ ತಲೆ ಒಡೆಯುತ್ತವೆ. ಜೀವಗಳೂ ಹೋಗಿವೆ. ಪೊಲೀಸರು ಮೊದಲೇ ಹಳ್ಳಿ ಹಳ್ಳಿಗೆ ಹೋಗಿ ಬಡಿಗೆ ಜಪ್ತಿ ಮಾಡುತ್ತಾರೆ. ಡ್ರೋನ್ ಹಾರಿಸುತ್ತಾರೆ. ಬೆಟ್ಟದ ಬುಡದಲ್ಲೇ ತಾತ್ಕಾಲಿಕ ಆಸ್ಪತ್ರೆ ಎಬ್ಬಿಸುತ್ತಾರೆ. ಬಡಿದಾಟ ನಿಲ್ಲಿಸಲಾರದ ಸರ್ಕಾರ ಬ್ಯಾಂಡೇಜು ಒದಗಿಸುವಲ್ಲಿ ಮಾತ್ರ ಎಂದೂ ತಡ ಮಾಡಿಲ್ಲ. ಒಂದು ಬಡಿಗೆಯನ್ನು ಅಂಕೆಯಲ್ಲಿಡಲಾಗದ ನಾಡಿನಲ್ಲಿ ಪಿಸ್ತೂಲಿನ ಟ್ರಿಗರ್ ಎಷ್ಟು ನಯ ಎಂಬ ಚರ್ಚೆ.

ಅಗ್ಗದ ಬಂದೂಕು ಕೆಲಸ ಮಾಡುತ್ತದೆಯೇ ಎಂದು ಇನ್ನೂ ಅನುಮಾನವಿದ್ದರೆ ಕರ್ನಾಟಕವನ್ನು ಕೇಳಿ. 2015ರ ಆಗಸ್ಟ್ 30, ಧಾರವಾಡ, ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5, ಬೆಂಗಳೂರು, ಗೌರಿ ಲಂಕೇಶ್. ಇಬ್ಬರಿಗೂ ಬಡಿದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನ ಗುಂಡು ಎಂದಿತು ವಿಧಿವಿಜ್ಞಾನ ಪ್ರಯೋಗಾಲಯ. ಹೆಸರಿಲ್ಲದ ಕಮ್ಮಟದ ಮಾಲು. ಬ್ರಾಂಡ್ ಇಲ್ಲ, ಪಾಲಿಮರ್ ಇಲ್ಲ, ಗ್ಯಾರಂಟಿ ಕಾರ್ಡಿಲ್ಲ. ಕಾನೂನು ನಮಗೆ ಕೊಡುವ .32 ಪಿಸ್ತೂಲು ಕೂಡ ಅದೇ ಅಳತೆಯದ್ದು. ಗುಣಮಟ್ಟದ ಪರೀಕ್ಷೆ ನಮ್ಮಲ್ಲಿ ನಡೆದದ್ದು ಹೀಗೆ, ಲೇಖಕರ ಹೊಸ್ತಿಲಲ್ಲಿ. ಇದರ ಮುಂದೆ ಯಾವ ತಜ್ಞರ ಮಾತೂ ಬೇಕಾಗಿಲ್ಲ.

ಹಾಗಾದರೆ ಈ ಬ್ರಾಂಡಿನ ಹುಚ್ಚು ಯಾಕೆ? ತೋರಿಸಲಿಕ್ಕೆ. ಬೇರೆ ಕಾರಣವಿಲ್ಲ.

ಸಿನಿಮಾ ಕಲಿಸಿಕೊಟ್ಟಿದೆ. 1999ರ ‘ಸಮರಸಿಂಹಾರೆಡ್ಡಿ’ಯಿಂದ ಶುರುವಾದ ಜಾತ್ರೆ. ಬಿಳಿ ಅಂಗಿ, ಸಾಲು ಸಾಲು ಸುಮೊ, ಕರ್ನೂಲಿನ ಕೊಂಡಾರೆಡ್ಡಿ ಬುರುಜು. ನಿರ್ಮಾಪಕರು ಹಣ ಎಣಿಸಿ ಹೈದರಾಬಾದಿನಲ್ಲಿ ಉಳಿದರು. ನಮ್ಮ ಹುಡುಗರು ಸಂಭಾಷಣೆ ಬಾಯಿಪಾಠ ಮಾಡಿ ಇಲ್ಲಿ ಉಳಿದರು. ಸುಮೊ ಹಳೆಯದಾಯಿತು, ಈಗ ಫಾರ್ಚೂನರ್. ನಾಟು ಬಾಂಬು ಹಳ್ಳಿಗಾಡಿನದಾಯಿತು, ಈಗ ಗ್ಲಾಕ್ ಬೇಕು. ತಲೆಯೊಳಗಿನ ಸರಕು ಮಾತ್ರ ಹಳೆಯದೇ.

ನಿಜವಾದ ದೊಡ್ಡವನಿಗೆ ಸ್ವಂತ ಪಿಸ್ತೂಲೂ ಬೇಡ. ಅವನಿಗೆ ಸರ್ಕಾರಿ ಗನ್‌ಮ್ಯಾನ್ ಇರುತ್ತಾನೆ. ಆಯುಧ ನಮ್ಮ ತೆರಿಗೆಯದು, ಸಂಬಳ ನಮ್ಮ ತೆರಿಗೆಯದು, ಕಾವಲು ಮಾತ್ರ ಅವನದು. ಗನ್‌ಮ್ಯಾನ್ ಕಡಿಮೆ ಮಾಡಿದರೆ ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಕಚೇರಿ ಮುಂದೆ ಧರಣಿ. ಜನ ತನ್ನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಾರೆ ಎಂದು ಭಾಷಣ ಮಾಡುವವನಿಗೆ ಆ ಜನರ ನಡುವೆ ನಡೆಯಲು ನಾಲ್ಕು ಬಂದೂಕು ಬೇಕು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಪಾಳೆಗಾರರನ್ನು ಮಟ್ಟ ಹಾಕಿದ, ಅವರ ಆಳುಗಳ ಕೈಯಿಂದ ಆಯುಧ ಕಸಿದ ಎಂದು ಇತಿಹಾಸ ಬರೆದುಕೊಂಡಿದೆ. ಏಳು ವರ್ಷ ದುಡಿದು ಹೋದ ಪುಣ್ಯಾತ್ಮ. ಈಗ ಬಂದು ನೋಡಬೇಕಿತ್ತು. ಪಾಳೆಗಾರರು ಪಕ್ಷದ ಟಿಕೆಟ್ ತಗೊಂಡಿದ್ದಾರೆ. ಆಯುಧಗಳು ಲೈಸೆನ್ಸು ತಗೊಂಡಿವೆ.

ಆದ್ದರಿಂದ ತೀರ್ಪು ಇಷ್ಟೇ. ಅಗ್ಗದ ಪಾಲಿಮರ್ ಪಿಸ್ತೂಲೂ ದುಬಾರಿ ಬ್ರಾಂಡೂ ಆದೋನಿಯಲ್ಲಿ ಸರಿಸಮ. ಎರಡೂ ಬೇಕಾದಾಗ ಕೈಯಲ್ಲಿರುವುದಿಲ್ಲ. ಎರಡೂ ಇದ್ದಾಗ ಬೇಕಾಗಿರುವುದಿಲ್ಲ. ಮುಂದಿನ ಸಲ ನಿಮ್ಮ ಶಾಸಕರು ಮತ ಕೇಳಲು ಬಂದಾಗ ಸೊಂಟದಲ್ಲಿರುವುದು ಯಾವ ಕಂಪನಿಯದೆಂದು ಕೇಳಬೇಡಿ. ಮನೆ ಬಾಗಿಲಿಗೆ ಬರಲು ಅದು ಯಾಕೆ ಬೇಕಾಯಿತು ಎಂದು ಕೇಳಿ.