ಇಳಿಜಾರಿನ ಭಕ್ತ

ಮಂಗಳೂರಿನ ಇಳಿಜಾರುಗಳನ್ನು ನನ್ನಷ್ಟು ಬಲ್ಲದ್ದು ಇನ್ನೊಂದೇ ಇದೆ, ಮಳೆನೀರು. ಬಾವುಟಗುಡ್ಡೆಯಲ್ಲಿ ಎಲ್ಲಿ ನಿಲ್ಲಿಸಿದರೆ ಎಷ್ಟು ದೂರ ಉರುಳಬಹುದು, ಕದ್ರಿಯ ಯಾವ ಮರದ ಬುಡದಿಂದ ಬಿಟ್ಟರೆ ಎರಡನೇ ಗೇರು ಹಿಡಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಯಾಕೆಂದರೆ ನನ್ನ 1999ರ ಮಾರುತಿ 800 ಸೆಲ್ಫ್ ಹೊಡೆದರೆ ಹಲ್ಲಿಯ ಹಾಗೆ ಲೊಚ್ ಲೊಚ್ ಎನ್ನುತ್ತದೆ, ಅಷ್ಟೆ. ಕೀಲಿ ತಿರುಗಿಸಿ, ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಬೇಕು. ಹತ್ತು ಮಾರು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಒಮ್ಮೆ ಬಿಕ್ಕಿ ಎದ್ದು ಕೂರುತ್ತದೆ.

ಇದರಿಂದ ನನ್ನ ದೈವಭಕ್ತಿಯ ದಿಕ್ಕೂ ಬದಲಾಗಿದೆ. ಕದ್ರಿ ಮಂಜುನಾಥನಲ್ಲಿಗೆ ವಾರಕ್ಕೊಮ್ಮೆ ಹೋಗುತ್ತೇನೆ, ಅವನದು ಗುಡ್ಡದ ಊರು. ಮಂಗಳಾದೇವಿಗೂ ಕುದ್ರೋಳಿಯ ಗೋಕರ್ಣನಾಥನಿಗೂ ಮನೆಯಿಂದಲೇ ಕೈಮುಗಿಯುತ್ತೇನೆ, ಅಲ್ಲೆಲ್ಲ ಸಪಾಟು ನೆಲ. ಮದುವೆಯ ಕಾಗದ ಬಂದರೆ ಹೆಂಡತಿ ಮುಹೂರ್ತ ನೋಡುತ್ತಾಳೆ, ನಾನು ಹಾಲ್ ಯಾವ ಗುಡ್ಡೆಯಲ್ಲಿದೆ ಎಂದು ನೋಡುತ್ತೇನೆ.

ನಾನು ಕಾರು ತೆಗೆದುಕೊಂಡಾಗ ಅದಕ್ಕೆ ಹತ್ತು ವರ್ಷ. ಈಗ ಮೀಟರು ಎರಡು ಲಕ್ಷ ದಾಟಿದೆ. ಸ್ಪೀಡೋಮೀಟರಿನ ಕೇಬಲ್ ತುಂಡಾಗಿದ್ದ ಹದಿನಾಲ್ಕು ತಿಂಗಳು ಆ ಲೆಕ್ಕದಲ್ಲಿ ಸೇರಿಲ್ಲ. ದಾಖಲೆಯ ಪ್ರಕಾರ ಆಗ ನಾವು ಎಲ್ಲಿಗೂ ಹೋಗಿಲ್ಲ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮಾರುತಿ 800ರ ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟರು, 2014ರ ಜನವರಿಯಲ್ಲಿ ತಯಾರಿ ನಿಂತಿತು. ಆದರೂ ಸ್ಪೇರ್‌ಪಾರ್ಟ್ಸಿಗೆ ಬರ ಬಂದಿಲ್ಲ. 796 ಸಿಸಿಯ ಆ ಮೂರು ಸಿಲಿಂಡರಿನ ಎಂಜಿನ್ ಓಮ್ನಿಗೂ ಇತ್ತಲ್ಲ, ಊರಿನ ಯಾವುದಾದರೂ ಗುಜರಿ ಅಂಗಡಿಯಲ್ಲಿ ಒಂದು ಓಮ್ನಿ ನಮಗಾಗಿ ಪ್ರಾಣ ಬಿಟ್ಟಿರುತ್ತದೆ. ಎಂಜಿನ್ನಿನ ಬಗ್ಗೆ ನನ್ನ ದೂರೇ ಇಲ್ಲ. ಎಂಜಿನ್ ಇದೆ, ಅದನ್ನು ಹೊತ್ತುಕೊಳ್ಳಲು ಕಾರು ಬೇಕಲ್ಲ.

ಘಟ್ಟದ ಮೇಲಿನವರು ಕಾರಿನ ಪ್ರಾಯವನ್ನು ಕಿಲೋಮೀಟರಿನಲ್ಲಿ ಕೇಳುತ್ತಾರೆ. ಇಲ್ಲಿ ಮಳೆಗಾಲದಲ್ಲಿ ಎಣಿಸಬೇಕು. ಕಡಲಗಾಳಿಯ ಉಪ್ಪು ತಗಡಿನ ಮೇಲೆ ಕೂತಿತೆಂದರೆ ಗಾಳಿಯ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮಳೆ ಬಿಟ್ಟರೂ ಕಬ್ಬಿಣ ಒಣಗುವುದಿಲ್ಲ. ತುಕ್ಕು ಕಣ್ಣಿಗೆ ಕಾಣುವಲ್ಲಿ ಶುರುವಾದರೆ ಸಜ್ಜನ ಎನ್ನಬಹುದಿತ್ತು. ಅದು ಮ್ಯಾಟಿನಡಿ, ಬಾಗಿಲಿನ ಹೊಟ್ಟೆಯೊಳಗೆ ಸಂಸಾರ ಹೂಡುತ್ತದೆ. ಗ್ಲಾಸಿನ ಸಂದಿಯಿಂದ ಇಳಿದ ನೀರು ಹೋಗಲೆಂದು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಅವಕ್ಕೆ ಕೆಸರು ಕಟ್ಟಿಕೊಂಡದ್ದು ನನಗೆ ಗೊತ್ತಾದದ್ದು, ಬಾಗಿಲು ಹಾಕಿದಾಗ ಎಳನೀರು ಕುಲುಕಿದ ಹಾಗೆ ಶಬ್ದ ಬಂದ ಮೇಲೆ.

ಟಿಂಕರಿಂಗಿನ ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಒಮ್ಮೆ ತಟ್ಟಿದರು. ಹಿಡಿ ಒಳಗೆ ಹೋಯಿತು.

"ವೆಲ್ಡಿಂಗ್ ಮಾಡ್ಬೌದು ಮಾರಾಯ್ರೇ, ಆದ್ರೆ ಹಿಡೀಲಿಕ್ಕೆ ಎಂತಾದ್ರೂ ಬೇಕಲ್ಲ? ಇಲ್ಲಿ ಉಂಟಾದ್ದು ಬರೀ ಪೈಂಟ್" ಎಂದರು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ, ಮಣ್ಣು ಸುಟ್ಟು ಹಂಚಿಗೆ ಕೆಂಪು ಬಣ್ಣ ತಂದರು. ನನ್ನ ಬಿಳಿ ಕಾರು ಯಾರ ಸಹಾಯವೂ ಇಲ್ಲದೆ ಆ ಬಣ್ಣಕ್ಕೆ ತಿರುಗುತ್ತಿದೆ.

ಆದರೂ ತೂತನ್ನು ಅಷ್ಟು ಹಗುರ ಮಾಡಬಾರದು. 2018ರ ಮೇ 29ರಂದು ಒಂದೇ ಹಗಲಿನ ಮಳೆಗೆ ಮಂಗಳೂರು ಕೆರೆಯಾಯಿತಲ್ಲ, ಅಂದು ನಮ್ಮ ಓಣಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರು. ಪಕ್ಕದ ಮನೆಯ ಭಾವನವರ ಆರು ತಿಂಗಳ ಹೊಸ ಕಾರಿನೊಳಗೆ ಹೊಕ್ಕ ನೀರು ಹೊರಗೆ ಬರಲು ದಾರಿ ಕಾಣದೆ ಅಲ್ಲೇ ಬಿಡಾರ ಹೂಡಿತು. ಸೀಟು, ವಯರಿಂಗು ಎಲ್ಲ ಬಿಚ್ಚಬೇಕಾಯಿತು. ನನ್ನ ಕಾರಿಗೂ ನೀರು ಬಂತು. ಬಂದ ದಾರಿಯಲ್ಲೇ ಹೋಯಿತು. ಮರುದಿನ ಮ್ಯಾಟನ್ನು ಹಿಂಡಿ ಬಿಸಿಲಿಗೆ ಹಾಕಿದೆ, ಕೆಲಸ ಮುಗಿಯಿತು. ಭಾವನವರು ಒಂದು ವಾರ ನನ್ನಲ್ಲಿ ಮಾತಾಡಲಿಲ್ಲ.

ಹದಿನೈದು ವರ್ಷ ಕಳೆದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. 2019ರಲ್ಲಿ ಅದರ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ 5000 ಆಗಿತ್ತು, ಮೇಲೆ ಹಸಿರು ತೆರಿಗೆ ಬೇರೆ. 2024ರಲ್ಲಿ ಅದನ್ನೆಲ್ಲ ಕಟ್ಟಿ ಬಂದು, "ಇನ್ನು ಐದು ವರ್ಷಕ್ಕೆ ಆಯುಷ್ಯ ಬರೆದುಕೊಟ್ಟಿದ್ದಾರೆ" ಎಂದೆ. "ನಿಮಗೂ ಸೇರಿಸಿಯಾ?" ಎಂದು ಕೇಳಿ ಹೆಂಡತಿ ಬಸಳೆ ಹೆಚ್ಚುವುದನ್ನು ಮುಂದುವರಿಸಿದಳು.

ಅವಳ ಒತ್ತಾಯಕ್ಕೆ ಮಾರಲೂ ನೋಡಿದ್ದೇನೆ. ಹಾಸನದ ಬ್ರೋಕರನೊಬ್ಬ ಫೋನಿನಲ್ಲಿ ಬಹಳ ಉತ್ಸಾಹದಿಂದ ಮಾಡೆಲ್, ಇನ್ಶೂರೆನ್ಸ್, ಟೈರು ಎಲ್ಲ ಕೇಳಿದ. ಕೆಎ 19 ಎಂದೊಡನೆ ಅವನ ಸ್ವರ ಇಳಿಯಿತು. "ಸಮುದ್ರದ ಗಾಡಿನಾ ಸಾರ್?" ಎಂದವನು ಆಮೇಲೆ ಫೋನ್ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಅಂದು ರಾತ್ರಿ ನನಗೆ ಒಳ್ಳೆ ನಿದ್ದೆ ಬಂತು.

ನಮ್ಮ ಊರಿನ ರಥಬೀದಿಗೆ ಕಾರ್‌ಸ್ಟ್ರೀಟ್ ಎಂಬ ಹೆಸರಿರುವುದು ವೆಂಕಟರಮಣ ದೇವರ ತೇರಿನಿಂದ, ಮಾರುತಿಯಿಂದಲ್ಲ. ರಥಸಪ್ತಮಿಯ ಕೊಡಿಯಾಲ್ ತೇರಿಗೆ ಜನ ಹಗ್ಗ ಹಿಡಿದು ಎಳೆಯುತ್ತಾರೆ. ಕಳೆದ ತಿಂಗಳು ಹೂವಿಗೆಂದು ಹೋಗಿ ಅಲ್ಲಿ ನಿಲ್ಲಿಸಿದೆ, ಸಪಾಟು ನೆಲವೆಂಬುದು ಮರೆತೇಹೋಗಿತ್ತು. ಹೂವಿನವರು, ಒಬ್ಬ ರಿಕ್ಷಾದವರು, ಕಾಲೇಜಿನ ಇಬ್ಬರು ಹುಡುಗರು ಸೇರಿ ಹಿಂದಿನಿಂದ ತಳ್ಳಿದರು. ನಾನು ಒಳಗೆ ಉತ್ಸವಮೂರ್ತಿಯ ಹಾಗೆ ಕೂತಿದ್ದೆ. ಅಷ್ಟು ಜನರ ಕೈ ತಾಗಿದ ಮೇಲೆ ಸ್ಟಾರ್ಟ್ ಆಗದೆ ಹೇಗೆ ಇದ್ದೀತು?

ನೀವೂ ಆ ಕಡೆ ಬಂದಾಗ, ಹಂಚಿನ ಬಣ್ಣದ ಅಂಚಿನ ಬಿಳಿ 800 ಒಂದು ನಿಂತಿದ್ದರೆ ದಯಮಾಡಿ ಒಂದು ಕೈ ಕೊಡಿ. ಹಿಂದಿನ ಬಲಬದಿಯ ಲೈಟಿನ ಹತ್ತಿರ ಮಾತ್ರ ಒತ್ತಬೇಡಿ, ಅಲ್ಲಿ ಇರುವುದು ಬರೀ ಪುಟ್ಟಿ.