ಉತ್ಖನನ ಶಿಬಿರಾರ್ಥಿ ಎಂಬ ಅವಶೇಷ: ರಾಮನಗರ ಸ್ತರದ ಒಂದು ಅಧ್ಯಯನ

ಉತ್ಖನನದ ವರದಿಗಳೆಲ್ಲ ಮಡಕೆಯ ಚೂರುಗಳನ್ನು ಎಣಿಸುತ್ತವೆ. ಅವನ್ನು ತೊಳೆದ ವಿದ್ಯಾರ್ಥಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿದ್ವತ್ ಲೋಕದ ಈ ಲೋಪವನ್ನು ಸರಿಪಡಿಸುವ ಹೊಣೆ, ಬೇರೆ ಯಾರೂ ಮುಂದೆ ಬಾರದ ಕಾರಣ, ನಮ್ಮ ಹೆಗಲೇರಿದೆ. ಅಧ್ಯಯನಕ್ಕೆ ಆಯ್ದುಕೊಂಡ ಮಾದರಿ: ಜೋಯಿಡಾ ತಾಲೂಕಿನ ರಾಮನಗರದಿಂದ ಇತಿಹಾಸದ ಎಂ.ಎ. ಮಾಡಲು ಹೋಗಿ ಶಿಬಿರಕ್ಕೆ ಸಿಕ್ಕಿಬಿದ್ದ ಒಬ್ಬ ತರುಣ. ಇನ್ನು ಮುಂದೆ ಇವನನ್ನು ಶಾಸ್ತ್ರೀಯವಾಗಿ ‘ಮಾದರಿ’ ಎಂದೇ ಕರೆಯಲಾಗುವುದು.

ಮೊದಲು ವಂಶಾವಳಿ. ಮಾರ್ಟಿಮರ್ ವೀಲರ್ 1944ರಲ್ಲಿ ತಕ್ಷಶಿಲೆಯಲ್ಲಿ ವಿದ್ಯಾರ್ಥಿಗಳಿಗೆ ಅಗೆಯುವ ಪಾಠಶಾಲೆ ತೆರೆದರು. 1947ರಲ್ಲಿ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಬಂದರು. ಅಶೋಕನ ಶಾಸನವಿರುವ ಆ ಗುಡ್ಡದ ತಪ್ಪಲಲ್ಲಿ ಕಲ್ಗೊಡಲಿಯವರು, ಅವರ ಮೇಲೆ ಬೃಹತ್ ಶಿಲಾಗೋರಿಯವರು, ಅವರ ಮೇಲೆ ಶಾತವಾಹನ ಕಾಲದವರು ಹೀಗೆ ಒಬ್ಬರ ಮೇಲೊಬ್ಬರು ಮಲಗಿದ್ದನ್ನು ಮಣ್ಣಿನ ಪದರಗಳಲ್ಲಿ ಓದಿ ತೋರಿಸಿದರು. ಚೌಕ ಚೌಕವಾಗಿ ಅಗೆದು ನಡುವೆ ಬದು ಉಳಿಸಬೇಕು ಎಂಬುದು ಅವರ ವಿಧಿ. ಬದುವಿನ ಮೇಲೆ ಕೂತು ಚಹಾ ಕುಡಿಯಬಾರದು ಎಂಬುದು ಅದಕ್ಕೆ ಶಿಬಿರಗಳು ಬರೆದ ಭಾಷ್ಯ. ಮಾದರಿಯು ವಿಧಿಯನ್ನು ಪಾಲಿಸಿ ಭಾಷ್ಯವನ್ನು ಉಲ್ಲಂಘಿಸಿದ್ದಕ್ಕೆ ಬದುವೇ ಸಾಕ್ಷಿ: ನೆತ್ತಿಯ ಮೇಲೆ ಲೋಟದ ತಳದಷ್ಟೇ ಅಗಲದ ದುಂಡನೆಯ ತಗ್ಗೊಂದಿದೆ.

ಮಾದರಿಯ ಮೈಮೇಲೆ ನಾವು ಗುರುತಿಸಿದ ಸ್ತರಗಳು ಹೀಗಿವೆ. ತೀರ ಮೇಲೆ ಕೆಂಪು ಧೂಳು. ಅದರ ಕೆಳಗೆ ಬೆವರು. ಅದಕ್ಕೂ ಕೆಳಗೆ ಮುಂಜಾನೆ ಹಚ್ಚಿಕೊಂಡ ಕ್ರೀಮು. ಎಲ್ಲಕ್ಕಿಂತ ಕೆಳಗೆ, ಕಲಕದೆ ಉಳಿದ ಅತಿ ಪ್ರಾಚೀನ ಸ್ತರದಲ್ಲಿ, ‘ಬಂಗಾರ ಸಿಗುತ್ತದೆ’ ಎಂಬ ನಂಬಿಕೆ. ಈ ಕೊನೆಯ ಸ್ತರ ಮೂರನೆಯ ದಿನದ ಹೊತ್ತಿಗೆ ಪೂರ್ತಿ ನಾಶವಾಗುತ್ತದೆ. ಚಂದ್ರವಳ್ಳಿಯಲ್ಲಿ ರೋಮಿನ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೇ ಸಿಕ್ಕಿದೆ, ನಿಜ. ಆದರೆ ಬ್ರಹ್ಮಗಿರಿಯ ಮೇಲಿನ ಪದರದ ಕಾಲ ಕಟ್ಟಲು ವೀಲರ್ ನೆಚ್ಚಿಕೊಂಡದ್ದು, ಅರಿಕಮೇಡುವಿನಲ್ಲಿ ಆಗಲೇ ಪರಿಚಯವಾಗಿದ್ದ, ಒಳತಳದಲ್ಲಿ ಚುಕ್ಕಿಗೀರು ಸುತ್ತಿದ ತಟ್ಟೆಯ ಚೂರುಗಳನ್ನು. ಒಡೆದ ತಟ್ಟೆಯ ಮುಂದೆ ಚಕ್ರವರ್ತಿ ಕೈಕಟ್ಟಿ ನಿಲ್ಲಬೇಕಾದ ಏಕೈಕ ಶಾಸ್ತ್ರ ಇದು.

ಜ್ಞಾನಮೂಲದ ಚರ್ಚೆಯಲ್ಲಿ ಒಂದು ಘಟನೆಯನ್ನು ಬಿಡುವಂತಿಲ್ಲ. ಮಾದರಿಯು ಕರಣೆಯ ತುದಿಯಿಂದ ಒಂದು ವಸ್ತುವನ್ನು ಎಬ್ಬಿಸಿ, ಬ್ರಷ್ಷಿನಿಂದ ಒರೆಸಿ, ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆದು, ‘ಶಿಲಾಯುಧ, ಬಹುಶಃ’ ಎಂದು ಚೀಟಿ ಬರೆದ. ಬುಟ್ಟಿ ಹೊರುತ್ತಿದ್ದ ಅಜ್ಜಿ ಬಗ್ಗಿ ನೋಡಿ, “ತಮ್ಮಾ, ಅದು ಬರೇ ಕಲ್ಲಪ್ಪಾ. ನಿನ್ನ ಕಾಲಾಗ ಐತಿ ನೋಡು ಬೋಕಿ” ಎಂದಳು. ಮಾದರಿ ಕಾಲೆತ್ತಿದ. ಕಪ್ಪು-ಕೆಂಪು ಮಡಕೆಯ ಕಂಠದ ಚೂರು. ಒಳಗೆ ಕಪ್ಪು, ಹೊರಗೆ ಕೆಂಪು, ಅಂಚಿನಲ್ಲಿ ಚಪ್ಪಲಿಯ ಗುರುತು. ವರದಿಯಲ್ಲಿ ಶೋಧಕನ ಹೆಸರು ಮಾದರಿಯದೇ ಇದೆ. ಅಜ್ಜಿ ಹಾಜರಿ ಪುಸ್ತಕದಲ್ಲಿದ್ದಾಳೆ.

ಈಗ ಪೂರ್ವಪಕ್ಷ. ಲೋಂಡಾ ದಾಟಿದರೆ ಕದಂಬರ ಎರಡನೆಯ ರಾಜಧಾನಿ ಹಲಸಿ, ಇತ್ತ ಜಿಲ್ಲೆಯಲ್ಲೇ ಬನವಾಸಿ. ನಡುವಿನ ರಾಮನಗರಕ್ಕೆ ಯಾವ ಪ್ರಾಚೀನತೆ? ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದಾಗ ಮುಳುಗಿದವರಿಗೆಂದು ಎದ್ದ ಊರದು; ಅದಕ್ಕೆ ಇತಿಹಾಸವಿಲ್ಲ, ಬರೀ ಹಕ್ಕುಪತ್ರವಿದೆ ಎಂಬುದು ಆಕ್ಷೇಪ.

ಸಿದ್ಧಾಂತ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ವಸ್ತುವಿಗೆ ನೂರು ವರ್ಷ ತುಂಬಿರಬೇಕು. ಒಂದು ಕಾಲಕ್ಕೆ ತಾಲೂಕಿಗೇ ಹೆಸರು ಕೊಟ್ಟಿದ್ದ ಹಳೆಯ ಸೂಪಾ ಪೇಟೆ ಈಗ ಸುಮಾರು 147 ಟಿಎಂಸಿ ಹಿಡಿಯುವ ಜಲಾಶಯದ ತಳದಲ್ಲಿದೆ. ಮಾದರಿಯ ಮುತ್ತಜ್ಜಿ ಅಲ್ಲಿ ಬಿಟ್ಟು ಬಂದ ಒರಳುಕಲ್ಲು ಆಕೆಗೆ ಆಕೆಯ ಅತ್ತೆಯಿಂದ ಬಂದದ್ದು, ಶತಮಾನ ದಾಟಿದೆ. ಆದ್ದರಿಂದ ಅದು ಕಾನೂನುಬದ್ಧ ಪುರಾವಸ್ತು. ಎರಡು ಸಾವಿರ ವರ್ಷದ ಹಿಂದಿನವರ ಒಲೆಯ ಬೂದಿಯನ್ನು ಜರಡಿ ಹಿಡಿಯುವ ಮಾದರಿಗೆ ತನ್ನ ಮನೆಯ ಒಲೆ ಯಾವ ಗೋಡೆಗಿತ್ತು ಎಂದು ಕೇಳಿದೆವು. “ಅಜ್ಜನ್ನ ಕೇಳ್ಬೇಕು ಸರ್” ಎಂದ. ಅಜ್ಜನನ್ನು ಕೇಳಿದರೆ, ಮೂಡಣ ಗೋಡೆಗೆ ಎಂದರು. ಅಜ್ಜಿ ಒಳಗಿನಿಂದಲೇ, “ನಿಮಗ್ಯಾವಾಗ ಗೊತ್ತಿತ್ತು ಒಲಿ!” ಎಂದರು. ಆಧಾರಗಳ ಸಂಘರ್ಷ ಎನ್ನುವುದು ಇದನ್ನೇ.

ಆದಕಾರಣ ಮುಂದಿನ ಶಿಬಿರವನ್ನು ಸೂಪಾದಲ್ಲೇ, ನೀರು ಇಳಿದಷ್ಟು ಜಾಗದಲ್ಲಿ, ನಡೆಸಬೇಕೆಂದು ಅರ್ಜಿ ಹಾಕಿದ್ದೇವೆ. ಸ್ಥಳದ ಉತಾರ ಮತ್ತು ಅಕ್ಕಪಕ್ಕದ ಹೊಲದವರ ಒಪ್ಪಿಗೆ ಲಗತ್ತಿಸಬೇಕಂತೆ. ಅಕ್ಕಪಕ್ಕದವರು ರಾಮನಗರದಲ್ಲೇ ಇದ್ದಾರೆ, ಸಹಿಗೆ ತೊಂದರೆಯಿಲ್ಲ. ಆದರೆ ಯಾರ ಹೊಲದ ಪಕ್ಕಕ್ಕೆ ಯಾರದಿತ್ತು ಎಂಬ ಬಗ್ಗೆ ಅವರಲ್ಲೇ ಎರಡು ಪಂಥಗಳಿವೆ. ಎರಡೂ ಪಂಥದವರು ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಪ್ರಬಂಧ ಮಂಡಿಸಲು ಒಪ್ಪಿದ್ದಾರೆ. ಅಧ್ಯಕ್ಷತೆ ಯಾರದೆಂಬುದಷ್ಟೇ ಇತ್ಯರ್ಥವಾಗಬೇಕಿದೆ.